ಮನೆಯ ಯಂತ್ರಗಳು: ಒಂದೇ ಕಾಲಿನ ಮೇಲೆ ಓಡುವ ಮೋಟರುಸೈಕಲ್ಲು

ಹೋದ ತಿಂಗಳು ಹೊಲಿಗೆಯ ಯಂತ್ರದ ವಿಚಾರವಾಗಿ ನಾವು ಬರೆದುದನ್ನು ಓದಿದ ವಾಚಕರು ಕೆಲವರು, ಹೆಂಗಸರ ಯಂತ್ರದ ಮಾತಾಯಿತು, ಇನ್ನು ಗಂಡಸರ ಯಂತ್ರದ ಮಾತೂ ಬರಲೆಂದು ಕಾಗದ ಬರೆದಿರುವರು. ಯಂತ್ರಗಳಲ್ಲಿ ಗಂಡು ಹೆಣ್ಣೆಂಬ ಭೇದವನ್ನು ನಾವು ಒಪ್ಪತಕ್ಕವರಲ್ಲ. ಈ ಸಲ ಹೇಳಹೊರಟಿರುವ ಸಂಗತಿಯಲ್ಲಿ ಮೋಟರುಸೈಕಲ್ಲಿನ ದೋಷವನ್ನು ಮೊಟ್ಟಮೊದಲು ಕಣ್ಣಾರೆ ಕಂಡವಳು ಹದಿನೇಳು ವರ್ಷದ ಹುಡುಗಿ. ಅದು ಹೇಗೆಂಬುದು ಮುಂದೆ ಬರುತ್ತದೆ.

ಕಳೆದ ಬೇಸಗೆಯಲ್ಲಿ ನಾವು ಯಾದಗಿರಿಯ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ, ನಮ್ಮನ್ನು ಸುರಪುರಕ್ಕೆ ಕರೆದೊಯ್ಯಲು ನಮ್ಮ ದಾಯಾದಿ ಅಣ್ಣನ ಮಗನು ತನ್ನ ತಂದೆಯ ಮೋಟರುಸೈಕಲ್ಲನ್ನು ತಂದು ನಿಲ್ಲಿಸಿಕೊಂಡಿದ್ದನು. ರಾಜದೂತ್ ೩೫೦ ಎಂಬ ಗಾಡಿ ಅದು. ಜಪಾನಿನ ಯಮಹಾ ಕಂಪೆನಿಯ ವಿನ್ಯಾಸದಂತೆ ನಮ್ಮ ದೇಶದ ಎಸ್ಕಾರ್ಟ್ಸ್ ಕಂಪೆನಿಯವರು ೧೯೮೩ರಿಂದ ಕೆಲವು ವರ್ಷಗಳ ಕಾಲ ಇದನ್ನು ತಯಾರಿಸಿದರು. ಈಗ ಆ ಗಾಡಿ ತಯಾರಾಗುತ್ತಿಲ್ಲ. ನಮ್ಮ ಅಣ್ಣನು ಕಾಲುವೆಯ ಕೆಲಸದಲ್ಲಿದ್ದವನು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಏರಿಯ ಮೇಲೆ ಇದೇ ಗಾಡಿಯಲ್ಲಿ ತಿರುಗಾಡಿ, ಇದರ ಮೇಲೆಯೇ ಮಕ್ಕಳನ್ನು ಕೂರಿಸಿಕೊಂಡು ಜಾತ್ರೆ ಮಾಡಿಸಿ, ನಾಲ್ಕು ವರ್ಷಗಳ ಹಿಂದೆ ತೀರಿಕೊಂಡನು. ಆದಕಾರಣ ಆ ಮನೆಯಲ್ಲಿ ಗಾಡಿಯೆಂದರೆ ಬರೀ ಗಾಡಿಯಲ್ಲ.

ನಾವು ಹಿಂದೆ ಕುಳಿತುಕೊಳ್ಳುವ ಮೊದಲೇ ಹುಡುಗನು, "ಕಾಕಾ, ಗಾಡಿ ಒಂದೇ ಕಾಲಿನ ಮ್ಯಾಲ ಕುಂಟ್ಲಿಕ್ಕತ್ತದ ನೋಡ್ರಿ" ಎಂದನು. ಹೇಳಬೇಕಾಗಿಯೇ ಇರಲಿಲ್ಲ. ನಿಂತಲ್ಲಿ ಎಂಜಿನು ತಾಳ ತಪ್ಪಿದ ಡೊಳ್ಳಿನಂತೆ ಬಡಿಯುತ್ತಿತ್ತು. ಭೀಮಾ ನದಿಯ ಸೇತುವೆ ದಾಟಿ ವೇಗ ಹಿಡಿದ ಮೇಲೆ ಎರಡನೆಯ ಕಾಲೂ ನೆಲಕ್ಕೆ ಊರಿದಂತಾಗಿ ಗಾಡಿ ಚೆನ್ನಾಗಿಯೇ ಓಡಿತು. ಊರೊಳಗೆ ಬಂದು ನಿಧಾನವಾದೊಡನೆ ಮತ್ತೆ ಕುಂಟು. ಶಹಾಪುರದಲ್ಲಿ ಚಹಕ್ಕೆ ನಿಂತೆವು. ಅಲ್ಲಿಯ ಗುಡ್ಡದ ಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ಕಾಣುವುದೆಂಬುದು ಪ್ರಸಿದ್ಧವಾಗಿದೆ. ಆ ನೋಟದ ಎದುರಿಗೆ ಕುಳಿತು ಹುಡುಗನು ತನ್ನ ಸಂಕಟವನ್ನು ಹೇಳಿದನು. ಒಬ್ಬ ಮಿಸ್ತ್ರಿಗೆ ತೋರಿಸಿದ್ದನಂತೆ. "ಎಡಗಡಿ ಪಿಸ್ಟನ್ ಹೋಗ್ಯಾದ್ರಿ, ಎರಡೂ ಬೋರ್ ಮಾಡಿಸಬೇಕು, ಕ್ರ್ಯಾಂಕೂ ಬಿಚ್ಚಬೇಕು" ಎಂದು ಆತನು ಹೇಳಿದ ಖರ್ಚು, ಮಗಳನ್ನು ಕಾಲೇಜಿಗೆ ಸೇರಿಸುವುದಕ್ಕಾಗಿ ಎತ್ತಿಟ್ಟಿದ್ದ ಹಣಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಗಾಡಿಯನ್ನು ಹಾಗೆಯೇ ಮಾರಿಬಿಡೋಣವೆಂದರೆ, ಮುದುಕಿ ತಾಯಿ ಅದರ ಮಾತೆತ್ತಿದರೆ ಊಟ ಬಿಡುವಳು. "ಇನ್ನೆರಡು ದಿನ ತಡೆ" ಎಂದೆವು.

ಈ ಜಾತಿಯ ಎಂಜಿನು ಹೇಗಿದೆಯೆಂಬುದನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಒಂದೇ ಬೀಸುಕಲ್ಲಿನ ಗೂಟವನ್ನು ಇಬ್ಬರು ಹೆಂಗಸರು ಎದುರುಬದುರು ಕುಳಿತು ಹಿಡಿದು ಜೋಳ ಬೀಸುವುದನ್ನು ನಮ್ಮ ವಾಚಕರಲ್ಲಿ ಹಿರಿಯರು ನೋಡಿರುವರು. ಒಬ್ಬಳು ಗೂಟ ಹಿಡಿದೂ ಬಲ ಹಾಕದಿದ್ದರೆ ಕಲ್ಲು ನಿಲ್ಲುವುದಿಲ್ಲ. ಇನ್ನೊಬ್ಬಳು ಕಲ್ಲನ್ನೂ ಇವಳ ಕೈಯನ್ನೂ ಕೂಡಿಯೇ ತಿರುಗಿಸಬೇಕಾಗುತ್ತದೆ. ರಾಜದೂತ್ ೩೫೦ರಲ್ಲಿ ಎರಡು ಸಿಲಿಂಡರುಗಳು ಒಂದೇ ಕ್ರ್ಯಾಂಕನ್ನು ಹೀಗೆ ತಿರುಗಿಸುತ್ತವೆ, ಒಂದರ ಸರದಿಯಾದ ಮೇಲೆ ಇನ್ನೊಂದರದು. ಒಂದು ಕೆಲಸ ಬಿಟ್ಟರೂ ಗಾಡಿ ಮನೆ ಸೇರುತ್ತದೆ. ಅದರಿಂದಲೇ ಬಹು ಜನರು ಈ ದೋಷವನ್ನು ತಿಂಗಳುಗಟ್ಟಲೆ ಸಹಿಸಿಕೊಂಡಿರುವರು.

ಇನ್ನೊಂದು ಮಾತು. ಪ್ರತಿಯೊಂದು ಸಿಲಿಂಡರಿಗೂ ಅದರದೇ ಕಾರ್ಬುರೇಟರು, ಅದರದೇ ಪ್ಲಗ್, ಕಾಯಿಲ್, ಪಾಯಿಂಟ್, ಕಂಡೆನ್ಸರ್ ಇರುತ್ತವೆ. ಒಂದು ಸೂರಿನಡಿಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಂತೆ. ಪೆಟ್ರೋಲಿನ ಟ್ಯಾಂಕು, ಬ್ಯಾಟರಿ, ಎಣ್ಣೆಯ ಪಂಪು ಮಾತ್ರ ಸಮಾಯಿಕವಾದವು. ಸಮಾಯಿಕವಾದುದು ಕೆಟ್ಟಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಬಳಲಬೇಕು. ಒಂದೇ ಕಡೆ ಬಳಲುತ್ತಿದ್ದರೆ ದೋಷವು ಆ ಕಡೆಯ ಸ್ವಂತ ಸಾಮಾನಿನಲ್ಲಿಯೇ ಇದೆಯೆಂದು ಊಹಿಸಬಹುದು. ಅಷ್ಟೇ ಅಲ್ಲದೆ ನೆಟ್ಟಗಿರುವ ಇನ್ನೊಂದು ಕಡೆಯು ಪಕ್ಕದಲ್ಲಿಯೇ ಸಾಕ್ಷಿಗೆ ನಿಂತಿರುತ್ತದೆ. ಒಂದೊಂದೇ ಸಾಮಾನನ್ನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಬದಲಿಸಿ ನೋಡಿದರೆ, ಯಾವುದರೊಡನೆ ರೋಗವೂ ಆಚೆಗೆ ಹೋಗುವುದೋ ಅದೇ ರೋಗಿ. ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆ ಇದು.

(ಸೈಲೆನ್ಸರುಗಳನ್ನು ಎಣಿಸಿ ಸಿಲಿಂಡರುಗಳ ಲೆಕ್ಕ ಹಾಕಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ೧೯೬೧ರ ತರುವಾಯ ಹೊರಟು ಮನೆಮಾತಾದ ೨೫೦ರ ಜಾವಾ, ಯೆಜ್ದಿ ಗಾಡಿಗಳಿಗೆ ಎರಡೆರಡು ಸೈಲೆನ್ಸರುಗಳಿದ್ದರೂ ಸಿಲಿಂಡರು ಒಂದೇ. ಆ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿಹೋಯಿತು. ಈ ತಪ್ಪು ತಿಳಿವಳಿಕೆ ಮಾತ್ರ ಉಳಿದಿದೆ.)

ಮರುದಿನ ಬಿಸಿಲೇರುವ ಮುನ್ನ ಅಂಗಳದಲ್ಲಿ ಗೋಣಿತಟ್ಟು ಹಾಸಿ ಕುಳಿತೆವು. ಬಳಲುವ ಕಡೆ ಯಾವುದೆಂದು ಗೊತ್ತುಮಾಡುವುದು ಮೊದಲನೆಯ ಕೆಲಸ. ಮಿಸ್ತ್ರಿ ಎಡಗಡೆಯೆಂದಿದ್ದನಾದರೂ ಕೇಳಿದ ಮಾತಿಗಿಂತ ನೋಡಿದ್ದು ಮೇಲು. ಎಂಜಿನನ್ನು ಚಾಲೂ ಮಾಡಿ, ಎರಡು ಸೈಲೆನ್ಸರುಗಳ ಬಾಯಿಗೆ ಒಂದು ಮೊಳ ದೂರದಲ್ಲಿ ಎರಡೂ ಅಂಗೈಗಳನ್ನು ಹಿಡಿದೆವು. ಬಲಗಡೆ ಬಿಸಿಯಾದ ಗಟ್ಟಿ ಉಸಿರು. ಎಡಗಡೆ ಸಪ್ಪೆ ಉಸಿರು. ಬಳಿಕ ಹುಡುಗನ ಮಗಳು ಬೆರಳನ್ನು ನೀರಿನಲ್ಲಿ ಅದ್ದಿ ಕೊಳವೆಗಳ ಬುಡದ ಮೇಲೆ ಒಂದೊಂದು ಹನಿ ಚಿಮುಕಿಸಿದಳು. ಬಲಗಡೆಯ ಹನಿ ಚುಂಯ್ಯೆಂದು ಆವಿಯಾಯಿತು. ಎಡಗಡೆಯದು ಹಾಗೆಯೇ ಹರಿದು ಕೆಳಗಿಳಿಯಿತು. ಹನಿಯೆಂದರೆ ಹನಿಯೇ, ಕಾದ ಸಿಲಿಂಡರಿನ ಮೇಲೆ ತಂಬಿಗೆಯಿಂದ ನೀರು ಸುರಿದರೆ ಲೋಹ ಬಿರಿದೀತು.

ಓಡುತ್ತಿರುವ ಎಂಜಿನಿನ ಪ್ಲಗ್ಗಿನ ಟೋಪಿಯನ್ನು ಕೈಯಿಂದ ಕಿತ್ತು ನೋಡುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿ ಇದೆ. ಅದನ್ನು ಮನೆಯಲ್ಲಿ ಯಾರೂ ಮಾಡತಕ್ಕದ್ದಲ್ಲ. ಸಾವಿರಾರು ವೋಲ್ಟಿನ ಹೊಡೆತ ಅದು. ಈಗಿನ ಎಲೆಕ್ಟ್ರಾನಿಕ್ ಗಾಡಿಗಳಲ್ಲಾದರೆ ಮನುಷ್ಯನ ಜೊತೆಗೆ ಬೆಲೆಬಾಳುವ ಪೆಟ್ಟಿಗೆಯೂ ಸುಟ್ಟುಹೋಗುವ ಸಂಭವವಿದೆ.

ಎಂಜಿನು ಆರಿದ ಬಳಿಕ ಎರಡೂ ಪ್ಲಗ್ಗುಗಳನ್ನು ಬಿಚ್ಚಿ, ಒಂದು ಕಾಗದದ ಮೇಲೆ ಎಡ, ಬಲ ಎಂದು ಬರೆದು ಅದರ ಮೇಲಿಟ್ಟೆವು. ವೈದ್ಯರು ನಾಲಗೆಯನ್ನು ನೋಡುವಂತೆ ಇದನ್ನು ನೋಡಬೇಕು. ಕಾಫಿಯ ಬೀಜದಂತಹ ಕಂದು ಬಣ್ಣವಿದ್ದರೆ ಆರೋಗ್ಯ. ಕಪ್ಪಾಗಿ, ಪೆಟ್ರೋಲು ಎಣ್ಣೆಗಳಿಂದ ತೊಯ್ದಿದ್ದರೆ, ಆಹಾರ ಬಂದಿದೆ, ಜೀರ್ಣವಾಗಿಲ್ಲ. ಕಿಡಿಯ ಕಡೆಗೆ ಇಲ್ಲವೆ ಅತಿಯಾಗಿ ಸುರಿಯುವ ಕಾರ್ಬುರೇಟರಿನ ಕಡೆಗೆ ನೋಡತಕ್ಕದ್ದು. ಒಣಗಿ ಸುಣ್ಣದಂತೆ ಬೆಳ್ಳಗಿದ್ದರೆ ಆಹಾರ ಸಾಲದು, ಇಲ್ಲವೆ ಗಾಳಿ ಹೆಚ್ಚಾಗಿದೆ. ನಮ್ಮ ಎದುರಿಗಿದ್ದ ಬಲಗಡೆಯ ಪ್ಲಗ್ ಕಂದು. ಎಡಗಡೆಯದು ಒಣಗಿ ಬೆಳ್ಳಗಿತ್ತು. ಉತ್ತರವೆಲ್ಲ ಅಲ್ಲಿಯೇ ಇತ್ತೆಂದು ಈಗ ಅನ್ನಿಸುತ್ತದೆ. ಆಗ ಮಾತ್ರ ನಾವು ಕಿಡಿಯ ಬೆನ್ನು ಹತ್ತಿದೆವು. ಹಳೆಯ ಗಾಡಿಯೆಂದರೆ ವಿದ್ಯುತ್ತಿನ ದೋಷವೇ ಇರಬೇಕೆಂಬ ಪೂರ್ವಗ್ರಹ ನಮಗೆ ಮೊದಲಿನಿಂದಲೂ ಇದೆ.

ಪೆಟ್ರೋಲಿನ ನಲ್ಲಿ ಮುಚ್ಚಿ, ಪ್ಲಗ್ಗಿನ ರಂಧ್ರಗಳಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಟೋಪಿಗೆ ಸೇರಿಸಿ ಅದರ ಲೋಹದ ಮೈ ಸಿಲಿಂಡರಿಗೆ ತಾಗುವಂತೆ ಇಟ್ಟು ಕಿಕ್ ಹೊಡೆದು ನೋಡಿದೆವು. ಎರಡು ಕಡೆಯೂ ನೀಲಿಯ ಗಟ್ಟಿ ಕಿಡಿ. ಬೆಂಕಿಯ ಒಲೆ, ಬೀಡಿ ಹತ್ತಿರವಿರುವಲ್ಲಿ ಈ ಕೆಲಸ ಸಲ್ಲದು. ಆದರೆ ಬಯಲ ಗಾಳಿಯಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗಣ ಒತ್ತಡದಲ್ಲಿಯೂ ಹಾರುವುದೆಂಬ ಭರವಸೆಯಿಲ್ಲ. ಆದಕಾರಣ ಬದಲಿಸಿ ನೋಡುವುದೇ ನಂಬಿಕೆಯ ಪರೀಕ್ಷೆ. ಪ್ಲಗ್ಗುಗಳನ್ನು ಅದಲುಬದಲು ಮಾಡಿದೆವು. ಕುಂಟು ಎಡಗಡೆಯಲ್ಲಿಯೇ ಉಳಿಯಿತು. ಪ್ಲಗ್ ನಿರಪರಾಧಿ.

ಮುಂದೆ ಕಾಯಿಲ್. ಇಲ್ಲಿ ನಮ್ಮ ಅವಿವೇಕವೊಂದನ್ನು ಮುಚ್ಚಿಡದೆ ಹೇಳಬೇಕಾಗಿದೆ. ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ದಪ್ಪ ತಂತಿಗಳೆರಡನ್ನು ಮಾತ್ರ ಅದಲುಬದಲು ಮಾಡಿ ಕಿಕ್ ಹೊಡೆಯಿಸಿದೆವು. ಸಿಲಿಂಡರುಗಳು ಸರದಿಯಿಂದ ಉರಿಯತಕ್ಕವು. ಒಂದರ ಕಿಡಿ ಇನ್ನೊಂದಕ್ಕೆ ಹೋದರೆ ಪಿಸ್ಟನ್ ಕೆಳಗೆ ಇಳಿದು ಬಾಗಿಲು ತೆರೆದಿರುವಾಗ ಕಿಡಿ ಹಾರುತ್ತದೆ. ಸೈಲೆನ್ಸರಿನಲ್ಲಿ ಗರ್ನಾಲು ಹಾರಿದಂತಾಗಿ, ಒಳಗೆ ಮಲಗಿದ್ದ ಅತ್ತಿಗೆಯವರು ಹೊರಗೆ ಓಡಿ ಬಂದು, "ಅವರಿದ್ದಾಗ ಗಾಡಿ ಹಿಂಗ ಎಂದೂ ಮಾಡಿದ್ದಿಲ್ಲ" ಎಂದರು. ನಾವು ತಲೆ ತಗ್ಗಿಸಿದೆವು. ಪಾಯಿಂಟಿನಿಂದ ಕಾಯಿಲಿಗೆ ಬರುವ ತೆಳು ತಂತಿಯನ್ನೂ, ಪ್ಲಗ್ಗಿಗೆ ಹೋಗುವ ದಪ್ಪ ತಂತಿಯನ್ನೂ ಒಟ್ಟಿಗೇ ಬದಲಿಸಿದರೆ ಮಾತ್ರ ಕಾಯಿಲ್ ಬದಲಾದಂತೆ. ಹಾಗೆ ಮಾಡಿದಾಗಲೂ ಕುಂಟು ಎಡಗಡೆಯಲ್ಲಿಯೇ. ಕಂಡೆನ್ಸರುಗಳನ್ನೂ ಬದಲಿಸಿದೆವು, ಪಾಯಿಂಟುಗಳ ಬಾಯಿ ೦.೩ರಿಂದ ೦.೪ ಮಿಲಿಮೀಟರಿನೊಳಗೆ ತೆರೆಯುವುದನ್ನು ನೋಡಿದೆವು, ಮುಖ ಸುಟ್ಟಿರಲಿಲ್ಲ. ಕಿಡಿಯ ಮೇಲಿನ ಆಪಾದನೆಯೆಲ್ಲ ಅಲ್ಲಿಗೆ ತೀರಿತು.

ಅಷ್ಟರಲ್ಲಿ ಬಿಸಿಲೇರಿತ್ತು. ಈ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ೪೦ ಡಿಗ್ರಿ ದಾಟುವುದು ವಿಶೇಷವೇನಲ್ಲ. ಊಟವಾದ ಮೇಲೆ ಹುಡುಗನು ಊರಲ್ಲಿ ಪರಿಚಯದವರಿಂದ ಕಂಪ್ರೆಶನ್ ಅಳೆಯುವ ಮುಳ್ಳಿನ ಯಂತ್ರವನ್ನು ಎರವಲು ತಂದನು. ಈ ವ್ಯವಹಾರದಲ್ಲಿ ಹಣದ ಮಾತು ನಿಜವಾಗಿ ನಿಂತಿದ್ದುದು ಈ ಮುಳ್ಳಿನ ಮೇಲೆ. ಪಿಸ್ಟನ್, ರಿಂಗು, ಬೋರು ಸವೆದಿದ್ದರೆ ಗಾಳಿ ಪಕ್ಕದಿಂದ ನುಸುಳಿಹೋಗಿ ಮುಳ್ಳು ಮೇಲಕ್ಕೆ ಏರಲಾರದು. ಪ್ಲಗ್ಗಿನ ಜಾಗದಲ್ಲಿ ಅದನ್ನು ಕೂಡಿಸಿ, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಬಲಗಡೆ ೧೨೦ ಪೌಂಡಿನ ಹತ್ತಿರ ನಿಂತಿತು. ಎಡಗಡೆ ಹೊಡೆಯುವಾಗ ಮನೆಯವರೆಲ್ಲರೂ ಬಾಗಿಲಲ್ಲಿ ಬಂದು ನಿಂತಿದ್ದರು. ಅದೂ ೧೨೦ರ ಹತ್ತಿರವೇ ಏರಿತು. ಎರಡರ ನಡುವೆ ಅಂತರವೇ ಇಲ್ಲವೆನ್ನಬಹುದು; ಅಂಕಿಗಿಂತಲೂ ಮುಖ್ಯವಾದುದು ಈ ಅಂತರ. ಪಿಸ್ಟನ್ ಹೋಗಿರಲಿಲ್ಲ. ಹುಡುಗನ ಹೆಂಡತಿ ಏನೂ ಮಾತನಾಡದೆ ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದಳು.

ಮಿಸ್ತ್ರಿಯನ್ನು ನಾವು ನಿಂದಿಸುವುದಿಲ್ಲ. ನಾಲ್ವತ್ತು ವರ್ಷ ಹಳೆಯ ಗಾಡಿ, ಒಂದು ಕಡೆ ಉರಿಯುತ್ತಿಲ್ಲ. ಆತನ ಅನುಭವದಲ್ಲಿ ಹತ್ತರಲ್ಲಿ ಆರೇಳು ಸಲ ಬೋರೇ ಹೋಗಿದ್ದೀತು. ಆದರೆ ಅಳೆಯದೆ ಬಿಚ್ಚಲು ಹೇಳುವುದು, ಬಿಚ್ಚಿದ ಮೇಲೆ ಹೇಗೂ ಹೊಸದು ಹಾಕಿಸುವುದು, ಇದು ಬಹು ಊರುಗಳಲ್ಲಿ ಕಾಣುವ ಪರಿಪಾಟ. ಬೋರು ಮಾಡಿಸುವ ಮೊದಲು ಮುಳ್ಳನ್ನು ತೋರಿಸೆಂದು ಕೇಳುವ ಹಕ್ಕು ಗಾಡಿಯ ಒಡೆಯನಿಗೆ ಇದ್ದೇ ಇದೆ.

ಉಳಿದದ್ದು ಕಾರ್ಬುರೇಟರು. ನಿಂತಲ್ಲಿ ಕುಂಟುವುದು, ವೇಗದಲ್ಲಿ ಸರಿಹೋಗುವುದು ಎಂಬ ಲಕ್ಷಣವು, ಸಣ್ಣ ಉರಿಗೆ ಪೆಟ್ರೋಲು ಕೊಡುವ ಪೈಲಟ್ ಜೆಟ್ ಎಂಬ ಸೂಜಿಯ ಕಣ್ಣಿಗಿಂತಲೂ ಕಿರಿದಾದ ರಂಧ್ರ ಕಟ್ಟಿಕೊಂಡಾಗ ತೋರುವಂಥದೇ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗಿನ ಪೆಟ್ರೋಲು ಆರಿ ಅಂಟಿನಂತಾಗಿ ಇದನ್ನು ಮುಚ್ಚುತ್ತದೆ. ಎರಡೂ ಕಾರ್ಬುರೇಟರುಗಳನ್ನು ಬಿಚ್ಚಿ, ಜೆಟ್ಟುಗಳನ್ನು ಬೆಳಕಿಗೆ ಹಿಡಿದು ನೋಡಿ, ತೊಳೆದು ಊದಿದೆವು (ತಂತಿ ತೂರಿಸಿದರೆ ರಂಧ್ರ ಹಿಗ್ಗಿ ಮತ್ತೆಂದೂ ಸರಿಯಾಗದು). ಹಿಡಿಯ ಒಂದೇ ಕೇಬಲು ಮುಂದೆ ಕವಲೊಡೆದು ಎರಡೂ ಕಾರ್ಬುರೇಟರುಗಳ ತಡಿಕೆಗಳನ್ನು ಎತ್ತುತ್ತದೆ. ಎರಡೂ ಒಂದೇ ಕ್ಷಣದಲ್ಲಿ ಏಳುವುದನ್ನೂ ನೋಡಿದೆವು. ಮರಳಿ ಜೋಡಿಸಿ ಚಾಲೂ ಮಾಡಿದರೆ, ಅದೇ ಕುಂಟು.

ನಾವು ಸೋತು ಕಟ್ಟೆಯ ಮೇಲೆ ಕುಳಿತೆವು. ಟಾರ್ಚು ಹಿಡಿಯಲು ಕೂರಿಸಿದ್ದ ಹುಡುಗಿ ಎಂಜಿನಿನ ಕೆಳಗೆ ತಲೆ ಹಾಕಿ, "ಅಜ್ಜಾ, ಇಲ್ಲಿ ರಬ್ಬರ್ ಸೀಳ್ಯಾದ ನೋಡ್ರಿ" ಎಂದಳು.

ಕಾರ್ಬುರೇಟರನ್ನೂ ಸಿಲಿಂಡರನ್ನೂ ಕೂಡಿಸುವುದಕ್ಕೆ ಎರಡು ಬೆರಳಗಲದ ಒಂದು ರಬ್ಬರಿನ ಕೊಳವೆಯುಂಟು. ಅದರ ಕೆಳಮೈಯಲ್ಲಿ, ಮೇಲಿನಿಂದ ನೋಡುವವರಿಗೆ ಎಂದೂ ಕಾಣದಂತೆ, ಉಗುರುದ್ದದ ಬಿರುಕು. ಬಿಚ್ಚಿ ಜೋಡಿಸುವಾಗ ನಾವು ಅದನ್ನು ಕೈಯಲ್ಲಿ ಹಿಡಿದೂ ಕಂಡಿರಲಿಲ್ಲ. ಹಿಚುಕಿದರೆ ಮಾತ್ರ ಬಾಯಿ ತೆರೆಯುತ್ತಿತ್ತು. ಅದರ ಮೇಲೆ ಗಟ್ಟಿ ಗ್ರೀಸನ್ನು ದಪ್ಪಗೆ ಮೆತ್ತಿ ಕಿಕ್ ಹೊಡೆದೆವು. ಎಂಜಿನು ಎರಡು ಮೂರು ಸಲ ಕೆಮ್ಮಿ, ಎಡಗಡೆಯ ಸೈಲೆನ್ಸರಿನಿಂದ ನೀಲಿ ಹೊಗೆಯ ಎಳೆಯೊಂದನ್ನು ಬಿಟ್ಟು, ತಾಳಕ್ಕೆ ಬಂದಿತು. ಒಂದೆರಡು ನಿಮಿಷಗಳ ಮೇಲೆ ಗ್ರೀಸು ಕರಗಿ ಒಳಗೆ ಎಳೆದುಕೊಂಡಾಗ ಮತ್ತೆ ಕುಂಟು ಬಂದಿತು. ಇದಕ್ಕಿಂತ ಮಿಗಿಲಾದ ರುಜುವಾತು ಬೇಕಿರಲಿಲ್ಲ. (ಕೆಲವರು ಇದೇ ಪರೀಕ್ಷೆಯನ್ನು ಪೆಟ್ರೋಲು ಚಿಮುಕಿಸಿ ಮಾಡುವರು. ಕಾದ ಎಂಜಿನಿನ ಮೇಲೆ ಅದು ಬೆಂಕಿಯೊಡನೆ ಆಟ.)

ಆ ಸೀಳಿನಿಂದ ಒಳನುಗ್ಗುವ ಗಾಳಿ, ಎಂಜಿನು ನಿಂತಲ್ಲಿ ಎಳೆಯುವ ಸ್ವಲ್ಪ ಪೆಟ್ರೋಲಿಗೆ ಅತಿಯಾಗುತ್ತಿತ್ತು. ಮಿಶ್ರಣ ಉರಿಯುವಷ್ಟೂ ದಪ್ಪವಾಗಿರುತ್ತಿರಲಿಲ್ಲ. ವೇಗದಲ್ಲಿ ಕಾರ್ಬುರೇಟರಿನ ಬಾಯಿ ದೊಡ್ಡದಾಗಿ ತೆರೆದಾಗ ಸೀಳಿನ ಗಾಳಿ ಅಲ್ಪವಾಗಿ ಕಂಡು ಸಿಲಿಂಡರು ಉರಿಯುತ್ತಿತ್ತು. ಆದರೆ ಸರಿಯಾಗಿ ಓಡುತ್ತಿದೆಯೆಂದು ನಾವು ನೆಮ್ಮದಿಯಿಂದ ಕುಳಿತಿದ್ದ ಆ ವೇಗದಲ್ಲಿಯೇ ನಿಜವಾದ ಅಪಾಯವಿದ್ದಿತು. ಪೆಟ್ರೋಲು ಉರಿಯುವುದಕ್ಕೆ ಮಾತ್ರವಲ್ಲ, ಒಳಗಣ ಲೋಹವನ್ನು ತಣಿಸುವುದಕ್ಕೂ ಬೇಕು. ಮಿಶ್ರಣ ತೆಳುವಾದರೆ ಕಾವು ಏರಿ ಪಿಸ್ಟನ್ ಹಿಗ್ಗಿ ಬೋರಿನೊಳಗೆ ಹಿಡಿದುಕೊಳ್ಳುತ್ತದೆ, ಇಲ್ಲವೆ ಅದರ ನೆತ್ತಿಯೇ ಕರಗಿ ತೂತಾಗುತ್ತದೆ. ಓಟದಲ್ಲಿ ಹಾಗೆ ಹಿಡಿದುಕೊಂಡರೆ ಹಿಂದಿನ ಚಕ್ರ ತಟ್ಟನೆ ನಿಂತು ಸವಾರರು ಬೀಳುವರು. ಇಬ್ಬರನ್ನು ಹೊತ್ತು ಆ ಬಿಸಿಲಿನಲ್ಲಿ ಯಾದಗಿರಿಯಿಂದ ಸುರಪುರದವರೆಗೆ ಬಂದದ್ದು ನೆನೆದಾಗ ನಮಗೆ ಬೆವರು ಬಂದಿತು. ಪ್ಲಗ್ ಬೆಳ್ಳಗಿದ್ದು ಒಂದು ಕಡೆ ಕುಂಟುತ್ತಿರುವ ಗಾಡಿಯನ್ನು, ಕಾರಣ ತಿಳಿಯುವವರೆಗೆ ಓಡಿಸಲೇಬಾರದು. ಮಿಸ್ತ್ರಿ ಹೇಳಿದ ಖರ್ಚು ಅಂದು ಸುಳ್ಳಾಗಿತ್ತು. ಇನ್ನೊಂದು ತಿಂಗಳು ಹೀಗೆಯೇ ಓಡಿಸಿದ್ದರೆ ನಿಜವೇ ಆಗುತ್ತಿತ್ತು.

ಸೀಳಿಗೆ ಅಂಟು ಹಚ್ಚಿ ಸಾಗಿಸೋಣವೆಂದು ಹುಡುಗನು ಕೇಳಿದನು. ಬೇಡವೆಂದೆವು. ಪೆಟ್ರೋಲಿಗೆ ಕರಗದ ಅಂಟು ಸಾಮಾನ್ಯ ಅಂಗಡಿಯಲ್ಲಿ ದೊರೆಯುವುದು ಕಷ್ಟ. ಸಡಿಲವಾದ ತುಣುಕು ಒಳಗೆ ಹೋದರೆ ಇನ್ನೊಂದು ಅನರ್ಥ. ಎರಡು ಕಡೆಗೂ ಹೊಸ ಕೊಳವೆಗಳನ್ನು ತರಿಸಿದರು, ಬಲಗಡೆಯದೂ ಅದೇ ವಯಸ್ಸಿನದಾದ್ದರಿಂದ. ಅಂಚೆಯಲ್ಲಿ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನ ಗಾಡಿ ಅಂಗಳದಲ್ಲಿಯೇ ನಿಂತಿತ್ತು, ಹುಡುಗನು ಬಸ್ಸಿನಲ್ಲಿ ತಿರುಗಾಡಿದನು. ಎರಡೂ ಕೂಡಿ ತಗಲಿದ ವೆಚ್ಚವು ಒಂದು ಸಾಧಾರಣ ಸೀರೆಯ ಬೆಲೆಯನ್ನು ದಾಟಲಿಲ್ಲ.

ಇಂಥದೇ ಗಾಡಿಯುಳ್ಳ ವಾಚಕರಿಗೆ ಇನ್ನು ಕೆಲವು ಮಾತು. ಕುಂಟುವ ಕಡೆಯಿಂದ ದಟ್ಟವಾದ ಬಿಳಿ ಹೊಗೆ ಬರುತ್ತಿದ್ದು, ಅದು ಬಲಗಡೆಯಾಗಿದ್ದು, ಗೇರುಪೆಟ್ಟಿಗೆಯ ಎಣ್ಣೆಯೂ ಇಳಿಯುತ್ತಿದ್ದರೆ ಆ ಬದಿಯ ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿರಬಹುದು. ಅದಕ್ಕೆ ಮಿಸ್ತ್ರಿಯೇ ಬೇಕು. ಎಣ್ಣೆಯ ಪಂಪಿನಿಂದ ಹೊರಡುವ ಸಣ್ಣ ನಳಿಗೆಗಳಲ್ಲಿ ಗಾಳಿಯ ಗುಳ್ಳೆ ಕಂಡರೆ ಗಾಡಿ ಎತ್ತಲೇಬೇಡಿರಿ. ೨೦೨೩ರಿಂದ ಹಂತಹಂತವಾಗಿ ನಮ್ಮ ದೇಶದಲ್ಲೆಲ್ಲ ಬಂದಿರುವ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ಇದಕ್ಕಾಗಿ ತಯಾರಾಗದ ಹಳೆಯ ರಬ್ಬರುಗಳಿಗೆ ಒಗ್ಗದು. ಹಳೆಯ ಗಾಡಿಯನ್ನು ಬಹುದಿನ ನಿಲ್ಲಿಸುವುದಾದರೆ ಕಾರ್ಬುರೇಟರುಗಳನ್ನು ಬರಿದು ಮಾಡಿಡುವುದು ಲೇಸು. ಒಂದೇ ಸಿಲಿಂಡರಿನ ಗಾಡಿಯವರಿಗೆ ಪಕ್ಕದ ಸಾಕ್ಷಿಯಿಲ್ಲ. ಅವರು ಚೆನ್ನಾಗಿರುವುದೆಂದು ಖಾತ್ರಿಯಿರುವ ಪ್ಲಗ್ಗೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಬೇಕು. ೨೦೧೮ರಿಂದ ಬಂದಿರುವ ರಾಯಲ್ ಎನ್‌ಫೀಲ್ಡಿನ ೬೫೦ರ ಗಾಡಿಗಳಿಗೂ ಎರಡು ಸಿಲಿಂಡರುಗಳೇ. ಆದರೆ ಅವುಗಳಿಗೆ ಕಾರ್ಬುರೇಟರೂ ಇಲ್ಲ, ಪಾಯಿಂಟೂ ಇಲ್ಲ. ಮುಂದಿನ ದೀಪ ಹೊತ್ತಿ ದೋಷ ಹೇಳಿದಾಗ ಕಂಪೆನಿಯವರಲ್ಲಿಗೆ ಒಯ್ಯುವುದೇ ಸರಿ.

ಜುಲೈ ತಿಂಗಳಲ್ಲಿ ಸುರಪುರದಿಂದ ಒಂದು ಸಣ್ಣ ಲಕೋಟೆ ಬಂದಿತು. ಹುಡುಗಿ ಕಾಲೇಜಿಗೆ ಸೇರಿರುವ ಸುದ್ದಿಯ ಜೊತೆಗೆ, ಎರಡು ಪ್ಲಗ್ಗುಗಳನ್ನು ಪಕ್ಕಪಕ್ಕದಲ್ಲಿಟ್ಟು ತೆಗೆದ ಛಾಯಾಚಿತ್ರ. ಕೆಳಗಿನ ಕಾಗದದ ಮೇಲೆ ಅವಳದೇ ಅಕ್ಷರದಲ್ಲಿ ಎಡ, ಬಲ ಎಂದು ಬರೆದಿತ್ತು. ಎರಡೂ ಕಂದು ಬಣ್ಣಕ್ಕಿವೆ. ಎಡಗಡೆಯದು ತುಸು ಕಪ್ಪೆಂದು ನಮಗೆ ತೋರಿದ್ದರಿಂದ, ಆ ಬದಿಯ ಗಾಳಿಯ ತಿರುಪನ್ನು ಕಾಲು ಸುತ್ತು ಬಿಚ್ಚಿ ನೋಡುವಂತೆ ಬರೆದಿದ್ದೇವೆ.